ಠಸೆಯ ಹಿಂದಿನ ಕೈ: 1911ರ ದರ್ಬಾರು ಪದಕ ಮತ್ತು ಶಿಲ್ಪಿ ಮೆಕೆನಲ್

ಐದನೆಯ ಜಾರ್ಜ್ ಚಕ್ರವರ್ತಿಯನ್ನು ಕಣ್ಣಾರೆ ಕಂಡವರು ನಮ್ಮ ಜತ್ತ ಸೀಮೆಯಲ್ಲಿ ಎಷ್ಟು ಜನ ಇದ್ದಾರು? ಆದರೆ ಆತನ ಮುಖದ ಪರಿಚಯವಿಲ್ಲದ ಮನೆ ಒಂದು ಕಾಲಕ್ಕೆ ಇಲ್ಲಿ ವಿರಳವಾಗಿದ್ದಿರಬೇಕು. ರಾಣಿ ಛಾಪಿನ ರೂಪಾಯಿ, ರಾಜಾ ಛಾಪಿನ ರೂಪಾಯಿ ಎಂದು ಹಿರಿಯರು ಬೇರ್ಪಡಿಸಿ ಹೇಳುತ್ತಿದ್ದರು. ಆ ಬೆಳ್ಳಿಯ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ. ಆದ್ದರಿಂದ ಅದು ಹಣವೂ ಹೌದು, ಪತ್ತಾರರ ತಕ್ಕಡಿಯಲ್ಲಿ ತೂಕದ ಕಲ್ಲೂ ಹೌದು, ಕೊಂಡಿ ಬೆಸೆದರೆ ಕೊರಳಿಗೆ ಆಭರಣವೂ ಹೌದು. ಪುತಳಿ ಸರದ ಪಕ್ಕದಲ್ಲಿಯೇ ಕಿರೀಟ ಧರಿಸಿದ, ಗಡ್ಡ ಬಿಟ್ಟ, ಎಡಕ್ಕೆ ಮುಖ ಮಾಡಿದ ಒಬ್ಬ ಪರದೇಶದ ದೊರೆ ತೂಗಾಡುತ್ತಿದ್ದ. ಆ ಮುಖವನ್ನು ರೂಪಿಸಿದವನು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ. ದೇವರ ಮೂರ್ತಿಯನ್ನು ಕಡೆದವನ ಹೆಸರನ್ನೇ ಕೇಳದ ನಮಗೆ ರೂಪಾಯಿಯ ಮೇಲಿನ ಮುಖವನ್ನು ಕಡೆದವನ ಹೆಸರೇಕೆ?

ಆತನ ಹೆಸರು ಬರ್ಟ್ರಮ್ ಮೆಕೆನಲ್. ರೂಪಾಯಿಯ ಮುಖ ಆತನದು. 1911ರ ದೆಹಲಿ ದರ್ಬಾರಿನ ನೆನಪಿಗಾಗಿ ಹೊರಟ ಪದಕವೂ ಆತನ ಕೃತಿಯೇ. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಪದಕದ ವಿಮರ್ಶೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಪದಕವೂ ಓದತಕ್ಕ ವಸ್ತು. ಅದರಲ್ಲಿ ಚಿತ್ರವಿದೆ, ಅಕ್ಷರವಿದೆ, ಕೊಡುವವನ ಅಹಂಕಾರವಿದೆ, ಪಡೆದವನ ಹಂಬಲವಿದೆ. ಇವೆಲ್ಲವನ್ನೂ ಒಂದೂವರೆ ಅಂಗುಲದ ವೃತ್ತದಲ್ಲಿ ಹಿಡಿದಿಡಬೇಕಾದ ಕಲೆಗಾರನ ಸಂಕಟವೂ ಇದೆ. ಭಾಷೆಯ ಪ್ರಶ್ನೆಯನ್ನು ದಿನನಿತ್ಯ ಎದುರಿಸುವ ಗಡಿಯ ಕನ್ನಡಿಗರಾದ ನಮಗೆ ಅದರ ಬೆನ್ನಿನ ಮೇಲಿನ ಲಿಪಿಯೂ ಏನನ್ನೋ ಹೇಳುತ್ತದೆ.

ಮೊದಲು ಸಂದರ್ಭ. ಐದನೆಯ ಜಾರ್ಜನಿಗೆ ಲಂಡನ್ನಿನಲ್ಲಿ ಪಟ್ಟಾಭಿಷೇಕವಾದದ್ದು 1911ರ ಜೂನ್ 22ರಂದು. ಅದೇ ವರ್ಷ ಡಿಸೆಂಬರ್ 12ರಂದು ದೆಹಲಿಯಲ್ಲಿ ದರ್ಬಾರು ನೆರೆಯಿತು. ರಾಜಧಾನಿಯನ್ನು ಕಲಕತ್ತೆಯಿಂದ ದೆಹಲಿಗೆ ಬದಲಿಸುವ ಘೋಷಣೆಯಾದದ್ದೂ ಬಂಗಾಳದ ವಿಭಜನೆಯನ್ನು ರದ್ದುಪಡಿಸಿದ್ದೂ ಅಲ್ಲಿಯೇ. ಆಗ ನಮ್ಮ ಮಾಡಗ್ಯಾಳ ಡಫಳೆ ಮನೆತನದ ಜತ್ತ ಸಂಸ್ಥಾನಕ್ಕೆ ಸೇರಿದ ಊರು. ಸಂಸ್ಥಾನದ ಮೇಲೆ ಸರಕಾರದ ಕಣ್ಣಾಗಿದ್ದವರು ವಿಜಾಪುರದ ಕಲೆಕ್ಟರರು. ದರ್ಬಾರಿನ ಪದಕವನ್ನು ಚಿನ್ನದಲ್ಲಿ 200, ಬೆಳ್ಳಿಯಲ್ಲಿ 30,000ದಷ್ಟು ಟಂಕಿಸಲಾಯಿತು. ಚಿನ್ನದ್ದು ಸಂಸ್ಥಾನಿಕರಿಗೆ ಮತ್ತು ಅತ್ಯುನ್ನತ ಅಧಿಕಾರಿಗಳಿಗೆ. ಬೆಳ್ಳಿಯವುಗಳಲ್ಲಿ 10,000ದಷ್ಟು ಸೈನಿಕರಿಗೆ. ಲೋಹವೇ ಪಂಕ್ತಿಯನ್ನು ನಿರ್ಧರಿಸುತ್ತಿತ್ತು. ಊಟದ ಪಂಕ್ತಿಭೇದವನ್ನು ಬಲ್ಲ ನಮಗೆ ಇದರಲ್ಲಿ ಅಪರಿಚಿತವಾದುದು ಏನೂ ಇಲ್ಲ.

ಪದಕದ ಮುಮ್ಮುಖದಲ್ಲಿ ರಾಜ ಮತ್ತು ರಾಣಿ ಮೇರಿ, ಪಟ್ಟಾಭಿಷೇಕದ ನಿಲುವಂಗಿಯಲ್ಲಿ, ಕಿರೀಟ ಧರಿಸಿ, ಇಬ್ಬರೂ ಎಡಕ್ಕೆ ನೋಡುತ್ತಿದ್ದಾರೆ. ಸುತ್ತಲೂ ಗುಲಾಬಿಯ ಮಾಲೆ. ಲಂಡನ್ನಿನ ಪಟ್ಟಾಭಿಷೇಕದ ಪದಕದ ಮೇಲೂ ಹೆಚ್ಚುಕಡಿಮೆ ಇದೇ ಚಿತ್ರವಿದೆ. ದೆಹಲಿಯದು ಅಳತೆಯಲ್ಲಿ ಸ್ವಲ್ಪ ದೊಡ್ಡದು. ಎರಡು ಮುಖಗಳನ್ನು ಒಂದರ ಹಿಂದೊಂದಾಗಿ ಇರಿಸುವುದು ಬಹಳ ಹಳೆಯ ಪದ್ಧತಿ. ಸುಲಭವೆಂದು ಕಾಣುತ್ತದೆ, ಸುಲಭವಲ್ಲ. ಕಾಗದದ ದಪ್ಪದಷ್ಟೇ ಎತ್ತರದ ಉಬ್ಬಿನಲ್ಲಿ ಹಿಂದಿನ ಮುಖವು ಹಿಂದಿದೆ ಎಂದೂ ಕಾಣಬೇಕು, ಮುಂದಿನದರ ನೆರಳಿನಂತೆ ಮಂಕಾಗಲೂಬಾರದು. ಮೆಕೆನಲ್ ಇಲ್ಲಿ ಗೆದ್ದಿದ್ದಾನೆ ಎಂದೇ ನಮ್ಮ ಅಭಿಪ್ರಾಯ. ರಾಜನ ಗಡ್ಡದ ಅಂಚು ಮತ್ತು ರಾಣಿಯ ಗಲ್ಲದ ಗೆರೆ ಇವೆರಡರ ನಡುವೆ ಉಳಿಸಿದ ಸಣ್ಣ ಬಯಲು ಇಡೀ ರಚನೆಗೆ ಉಸಿರು ಕೊಡುತ್ತದೆ. ಸೋತಿರುವುದು ಮೇಲ್ಭಾಗದಲ್ಲಿ. ಎರಡು ಕಿರೀಟಗಳು, ಅವುಗಳ ಮುತ್ತುಗಳು, ಶಿಲುಬೆಗಳು, ಅದರ ಹೊರಗೆ ಮತ್ತೆ ಹೂಮಾಲೆ: ಇಷ್ಟೆಲ್ಲ ಸೇರಿ ಜಾತ್ರೆಯ ತೇರಿನ ನೆತ್ತಿಯಂತೆ ಇಕ್ಕಟ್ಟಾಗಿದೆ. ಮುಖವನ್ನು ನೋಡಲು ಬಂದ ಕಣ್ಣು ಒಡವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕಿರೀಟವನ್ನು ಬಿಡುವ ಸ್ವಾತಂತ್ರ್ಯ ಶಿಲ್ಪಿಗೆ ಇರಲಿಲ್ಲ ಎಂಬುದು ನಿಜ. ಆದರೆ ಮಾಲೆಯನ್ನಾದರೂ ಇನ್ನಷ್ಟು ತೆಳುವಾಗಿಸಬಹುದಿತ್ತು.

ಈ ಮನುಷ್ಯ ಇಂಗ್ಲೆಂಡಿನವನಲ್ಲ. ಹುಟ್ಟಿದ್ದು 1863ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ. ತಂದೆ ಜಾನ್ ಸಿಂಪ್ಸನ್ ಮೆಕೆನಲ್ ಸ್ಕಾಟ್ಲೆಂಡ್ ಮೂಲದ ಶಿಲ್ಪಿ, ಕಟ್ಟಡಗಳಿಗೆ ಅಲಂಕಾರ ಕಡೆಯುವವನು. ಮಗನಿಗೆ ಮೊದಲ ಉಳಿ ಹಿಡಿಸಿದವನು ಅವನೇ. ಹತ್ತೊಂಬತ್ತರ ಹರೆಯದಲ್ಲಿ, 1882ರಲ್ಲಿ, ಹುಡುಗ ಲಂಡನ್ನಿಗೆ ಹೋದ. ಅಲ್ಲಿಂದ ಪ್ಯಾರಿಸ್. 1893ರಲ್ಲಿ ಆತ ಮಾಡಿದ ‘ಸರ್ಸಿ’ ಎಂಬ ಪ್ರತಿಮೆ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಗೌರವದ ಉಲ್ಲೇಖ ಪಡೆಯಿತು. ಮರುವರ್ಷ ಅದೇ ಪ್ರತಿಮೆಯನ್ನು ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಇಟ್ಟಾಗ, ಪೀಠದ ಸುತ್ತ ಹೊರಳಾಡುವ ಬತ್ತಲೆ ಆಕೃತಿಗಳು ಸಭ್ಯರ ಕಣ್ಣಿಗೆ ತಕ್ಕವಲ್ಲವೆಂದು ಪೀಠಕ್ಕೆ ಬಟ್ಟೆ ಸುತ್ತಿಸಿದರು. ಬಟ್ಟೆ ಸುತ್ತಿದ್ದರಿಂದಲೇ ಆತನ ಹೆಸರು ಊರೆಲ್ಲ ಹಬ್ಬಿತು. ಅನಂತರ 1908ರ ಲಂಡನ್ ಒಲಿಂಪಿಕ್ ಕ್ರೀಡೆಗಳ ಪದಕ, ವಿಂಡ್ಸರ್‌ನಲ್ಲಿ ಏಳನೆಯ ಎಡ್ವರ್ಡನ ಸಮಾಧಿ, ಕಲಕತ್ತೆಯ ವಿಕ್ಟೋರಿಯಾ ಸ್ಮಾರಕದ ಬಳಿ ಅದೇ ಎಡ್ವರ್ಡನ ಅಶ್ವಾರೂಢ ಪ್ರತಿಮೆ, ಹೊಸ ರಾಜನ ನಾಣ್ಯಗಳು. 1921ರಲ್ಲಿ ‘ಸರ್’ ಪದವಿ ಬಂದಿತು. ಮರುವರ್ಷ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯತ್ವ. ಆಸ್ಟ್ರೇಲಿಯಾದವರಲ್ಲಿ ಅದನ್ನು ಪಡೆದ ಮೊದಲಿಗ ಆತ. ಒಮ್ಮೆ ಬಟ್ಟೆ ಸುತ್ತಿಸಿದ ಮನೆಯೇ ಕೊನೆಗೆ ಮಣೆ ಹಾಕಿತು. 1931ರಲ್ಲಿ ತೀರಿಕೊಂಡ.

ಸಾಮ್ರಾಜ್ಯದ ಅಂಚಿನಲ್ಲಿ ಹುಟ್ಟಿದವನು ಸಾಮ್ರಾಜ್ಯದ ನಟ್ಟನಡುವಿನ ಮುಖವನ್ನು ರೂಪಿಸಿದ. ಅಂಚಿನವರು ನಡುವಿನವರ ಮನ್ನಣೆಗಾಗಿ ಎಷ್ಟು ಶ್ರಮಿಸುತ್ತಾರೆ, ಮನ್ನಣೆ ಬಂದ ಮೇಲೆ ಎಷ್ಟು ವಿಧೇಯರಾಗುತ್ತಾರೆ ಎಂಬುದನ್ನು ಬಲ್ಲವರು ಮೆಕೆನಲ್ಲನ ಮೊದಲಿನ ಮತ್ತು ಅನಂತರದ ಕೃತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ‘ಸರ್ಸಿ’ಯಲ್ಲಿ ಮೈಯ ನರನರವೂ ಎಚ್ಚರವಾಗಿದೆ; ಚಾಚಿದ ಆ ಎರಡು ಕೈಗಳಲ್ಲಿ ಮಾಟದ ಬಿಸಿ ಇದೆ. ರಾಜನ ಪದಕದಲ್ಲಿ ನೈಪುಣ್ಯವಿದೆ, ಬಿಸಿ ಇಲ್ಲ. ಮುಖ ಹೋಲುತ್ತದೆ, ಘನತೆ ಇದೆ. ಆದರೆ ಆ ಮನುಷ್ಯ ಏನನ್ನು ಯೋಚಿಸುತ್ತಿದ್ದಾನೆ ಎಂಬ ಸುಳಿವು ಇಲ್ಲ. ರಾಜಪದಕದಲ್ಲಿ ಅಂಥ ಸುಳಿವು ಇರಕೂಡದು ಎಂಬುದೇ ಬಹುಶಃ ಒಪ್ಪಂದ. ಒಪ್ಪಂದಕ್ಕೆ ಕಲೆಗಾರ ತೆತ್ತ ಬೆಲೆಯನ್ನು ವಿಮರ್ಶಕನು ಲೆಕ್ಕದಿಂದ ಬಿಡುವಂತಿಲ್ಲ.

ಪದಕ ತಯಾರಾಗುವ ಬಗೆಯನ್ನೂ ತಿಳಿಯದೆ ಈ ಮಾತು ಪೂರ್ತಿಯಾಗದು. ನಮ್ಮ ಪತ್ತಾರರು ಠಸೆಯನ್ನು ಉಕ್ಕಿನಲ್ಲಿ ನೇರವಾಗಿ, ತಲೆಕೆಳಗಾಗಿ, ಇದ್ದಷ್ಟೇ ಅಳತೆಯಲ್ಲಿ ಕೊರೆಯುತ್ತಾರೆ. ಅವರ ಕಣ್ಣು ಯಾವಾಗಲೂ ಮುಗಿದ ವಸ್ತುವಿನ ಗಾತ್ರದಲ್ಲಿಯೇ ಇರುತ್ತದೆ. ಮೆಕೆನಲ್ಲನ ಕಾಲಕ್ಕೆ ಯೂರೋಪಿನಲ್ಲಿ ಈ ಕ್ರಮ ಬದಲಾಗಿತ್ತು. ಶಿಲ್ಪಿ ಊಟದ ತಟ್ಟೆಯಷ್ಟು ಅಗಲದ ಮಾದರಿಯನ್ನು ಮಣ್ಣಿನಲ್ಲಿ, ಪ್ಲಾಸ್ಟರಿನಲ್ಲಿ ಮಾಡಿ ಕೊಡುತ್ತಿದ್ದ. ಜಾನ್ವಿಯೇ ಎಂಬ ಫ್ರೆಂಚರ ಯಂತ್ರದ ಒಂದು ಕಡ್ಡಿ ಆ ಮಾದರಿಯ ಮೇಲೆ ಸುತ್ತುಸುತ್ತಾಗಿ ಹರಿದರೆ, ಅದಕ್ಕೆ ಜೋಡಿಸಿದ ಇನ್ನೊಂದು ತುದಿಯ ಉಳಿ ಅದೇ ಏರಿಳಿತವನ್ನು ಕಿರಿದಾಗಿಸಿ ಉಕ್ಕಿನಲ್ಲಿ ಕೊರೆಯುತ್ತಿತ್ತು. ಇದರಿಂದ ಶಿಲ್ಪಿಗಳಿಗೆ ಟಂಕಸಾಲೆಯ ಬಾಗಿಲು ತೆರೆಯಿತು. ಒಂದು ಅಪಾಯವೂ ಬಂದಿತು. ತಟ್ಟೆಯಷ್ಟು ಅಗಲದಲ್ಲಿ ಸ್ಪಷ್ಟವಾಗಿ ಕಾಣುವ ವಿವರ ರೂಪಾಯಿಯ ಅಗಲಕ್ಕೆ ಇಳಿದಾಗ ಬೇರೆಯೇ ವಸ್ತುವಾಗಬಹುದು.

ಹಾಗೆಯೇ ಆಯಿತು. 1911ರ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲೆ ಆನೆಯ ಆಕೃತಿಯೊಂದಿದೆ. ಮೊಳದುದ್ದದ ರಾಜನಲ್ಲಿ ಅದು ಆನೆಯಾಗಿ ಕಂಡೀತು. ರೂಪಾಯಿಯಲ್ಲಿ ಅದು ಅಕ್ಕಿಕಾಳಿನಷ್ಟು. ಸೊಂಡಿಲು ಗಿಡ್ಡ, ಕಾಲು ದಪ್ಪ. ಜನ ನೋಡಿದರು, ಇದು ಹಂದಿ ಎಂದರು. ಗುಲ್ಲೆದ್ದಿತು, ವಿಶೇಷವಾಗಿ ಮುಸಲ್ಮಾನರು ನೊಂದರು. ಸರಕಾರ ಗಾಬರಿಯಿಂದ ನಾಣ್ಯಗಳನ್ನು ತಡೆಹಿಡಿದು, ಬಹುಭಾಗವನ್ನು ಕರಗಿಸಿ, 1912ರಿಂದ ಸೊಂಡಿಲನ್ನು ಉದ್ದಮಾಡಿ ಹೊಸ ಠಸೆಯಲ್ಲಿ ಹೊಡೆಸಿತು. ಆ ಕಾರಣದಿಂದಲೇ 1911ರ ರೂಪಾಯಿಗೆ ಇಂದು ಸಂಗ್ರಾಹಕರಲ್ಲಿ ಬೆಲೆ ಹೆಚ್ಚು. ‘ಹಂದಿ ರೂಪಾಯಿ’ ಎಂದೇ ಅದರ ಖ್ಯಾತಿ. ಗ್ರೀಕರ ಕಥೆಯಲ್ಲಿ ಸರ್ಸಿ ಎಂಬ ಮಾಯಾವಿನಿ ಮನುಷ್ಯರನ್ನು ಹಂದಿಗಳನ್ನಾಗಿ ಮಾರ್ಪಡಿಸಿದವಳು. ಆಕೆಯನ್ನು ಕಡೆದು ಹೆಸರಾದವನ ಕೈಯಲ್ಲಿಯೇ ಹದಿನೆಂಟು ವರ್ಷಗಳ ಮೇಲೆ ಆನೆ ಹಂದಿಯಾದದ್ದನ್ನು ಕಂಡರೆ, ಬಟ್ಟೆ ಸುತ್ತಿಸಿಕೊಂಡ ಆ ಹೆಂಗಸು ಸೇಡು ತೀರಿಸಿಕೊಂಡಳೇನೋ ಅನ್ನಿಸುತ್ತದೆ.

ಈ ಪ್ರಕರಣವನ್ನು ಇತಿಹಾಸಕಾರರು ಧಾರ್ಮಿಕ ಭಾವನೆಯ ಪ್ರಶ್ನೆಯಾಗಿ ಮಾತ್ರ ಹೇಳುತ್ತಾರೆ. ನಮ್ಮ ದೃಷ್ಟಿಯಲ್ಲಿ ಇದು ಮೊದಲಿಗೆ ಕಲೆಯ ಪ್ರಶ್ನೆ. ಆನೆಯನ್ನು ಬಲ್ಲ ಕೈ ಅದನ್ನು ಎಷ್ಟು ಚಿಕ್ಕದಾಗಿ ಬರೆದರೂ ಆನೆಯಾಗಿಯೇ ಬರೆಯುತ್ತದೆ. ಟಿಪ್ಪು ಸುಲ್ತಾನನ ತಾಮ್ರದ ಕಾಸುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶ್ರೀರಂಗಪಟ್ಟಣದ, ನಗರದ ಟಂಕಸಾಲೆಗಳಲ್ಲಿ ಹೊಡೆದ ಆ ಒರಟು ಕಾಸುಗಳ ಮೇಲೆ ಆನೆ ನಡೆಯುತ್ತದೆ. ಬಾಲದ ತಿರುವಿನಿಂದ ಹಿಡಿದು ಸೊಂಡಿಲಿನ ಮಡಿಕೆಯವರೆಗೆ ಅದು ಜೀವಂತ. ಠಸೆ ಕೊರೆದ ಕಮ್ಮಾರ ದಿನಬೆಳಗಾದರೆ ಆನೆಯನ್ನು ಕಂಡವನು. ಮೆಕೆನಲ್ ಕಂಡದ್ದು ಪದವಿಯ ಸರಪಳಿಯಲ್ಲಿ ಪೋಣಿಸಿದ ಲೋಹದ ಆನೆಯನ್ನು. ಆತ ಮಾಡಿದ್ದು ಒಡವೆಯ ನಕಲನ್ನು. ಮಾಡಗ್ಯಾಳದ ಕುರಿಯನ್ನು ಕೇವಲ ಚಿತ್ರದಲ್ಲಿ ನೋಡಿದವನು ಅದರ ಗಿಳಿಕೊಕ್ಕಿನಂಥ ಬಾಗಿದ ಮೂಗನ್ನು ತಪ್ಪಾಗಿ ಬರೆದಾನು. ನಮ್ಮ ಕುರುಬರ ಹುಡುಗ ಗೋಡೆಯ ಮೇಲೆ ಇದ್ದಲಿನಿಂದ ಗೀಚಿದರೂ ಆ ಮೂಗು ಸರಿಯಾಗಿಯೇ ಬಂದೀತು.

ಇನ್ನೊಂದು ಮಾತು ಇಲ್ಲಿಯೇ ಹೇಳಿ ಮುಂದೆ ಹೋಗುತ್ತೇವೆ. ಚಾಲುಕ್ಯರ ಲಾಂಛನ ವರಾಹ. ಆ ಗುರುತಿನಿಂದಲೇ ಕನ್ನಡ ನಾಡಿನ ಚಿನ್ನದ ನಾಣ್ಯಕ್ಕೆ ‘ವರಹ’ ಎಂಬ ಹೆಸರು ಬಂದು, ಶತಮಾನಗಳವರೆಗೆ ಉಳಿಯಿತು. ಹಂದಿಯ ಮುಖವನ್ನು ನಾಣ್ಯದ ಮೇಲೆ ಹೊತ್ತು ಮೆರೆದ ಜನ ನಾವು. ಹಂದಿಯೆಂಬ ಅಪವಾದಕ್ಕೇ ನಾಣ್ಯವನ್ನು ಕರಗಿಸಿದ ಕಾಲವನ್ನೂ ಕಂಡವರು.

ಇನ್ನು ಪದಕದ ಹಿಮ್ಮುಖ. ಇಲ್ಲಿ ಚಿತ್ರವಿಲ್ಲ, ಬರಹವೇ ಚಿತ್ರ. ಪಾರಸಿ ಭಾಷೆಯಲ್ಲಿ, ಆ ಲಿಪಿಯ ಬಾಗುಬಳುಕುಗಳಲ್ಲಿ, ಇದು ಹಿಂದೂಸ್ತಾನದ ಚಕ್ರವರ್ತಿಯೂ ಇಂಗ್ಲಿಷ್ ನಾಡುಗಳ ಒಡೆಯನೂ ಆದ ಐದನೆಯ ಜಾರ್ಜನ ದರ್ಬಾರು ಎಂಬರ್ಥದ ಮಾತಿದೆ. ಅಕ್ಷರಗಳು ಒಂದರ ಮೇಲೊಂದು ಏರಿ, ಮತ್ತೆ ಇಳಿದು, ವೃತ್ತವನ್ನು ಎಲ್ಲಿಯೂ ಒತ್ತದೆ ತುಂಬುತ್ತವೆ. ಮುಮ್ಮುಖದ ಇಕ್ಕಟ್ಟಿನಿಂದ ಬಂದ ಕಣ್ಣಿಗೆ ಇಲ್ಲಿ ತಂಪು. ಕಲೆಯ ತಕ್ಕಡಿಯಲ್ಲಿ ತೂಗಿದರೆ ಈ ಬೆನ್ನೇ ಆ ಮುಖಕ್ಕಿಂತ ಹೆಚ್ಚು ತೂಗುತ್ತದೆ ಎಂದು ಹೇಳಲು ನಮಗೆ ಸಂಕೋಚವಿಲ್ಲ. ಅದನ್ನು ಬರೆದ ಲೇಖನಿಕಾರನ ಹೆಸರು ಪದಕದ ಮೇಲಿಲ್ಲ.

ಆದರೆ ಯಾರಿಗಾಗಿ ಈ ಬರಹ? 1911ರಲ್ಲಿ ಸರಕಾರದ ದಫ್ತರಗಳಿಂದ ಪಾರಸಿ ಹೋಗಿ ಎಷ್ಟೋ ಕಾಲವಾಗಿತ್ತು. ಮೊಗಲರ ಗಾದಿಯ ಮೇಲೆ ತಾವು ಕುಳಿತಿದ್ದೇವೆ ಎಂದು ಸಾರುವುದಕ್ಕಾಗಿ ಇಂಗ್ಲಿಷರು ಮೊಗಲರ ಭಾಷೆಯನ್ನು ಎರವಲು ಪಡೆದರು. ಪಡೆದವರಲ್ಲಿ ಓದಬಲ್ಲವರು ಕೆಲವರೇ. ಅದೇ ಕಾಲದ ನಿಕ್ಕೆಲಿನ ಒಂದಾಣೆಯಲ್ಲಿ ಉರ್ದು, ನಾಗರಿ, ಬಂಗಾಳಿ, ತೆಲುಗು ಲಿಪಿಗಳು ಇವೆ, ಕನ್ನಡವಿಲ್ಲ. ಅದಕ್ಕಿಂತ ಎಷ್ಟೋ ವರ್ಷ ಮುಂಚೆ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿಯೇ ಅಚ್ಚಾಗಿತ್ತು. ಅರಸನೊಬ್ಬ ತನ್ನ ಟಂಕಸಾಲೆಯನ್ನು ಕಳೆದುಕೊಂಡಾಗ ಭಾಷೆಯೊಂದು ಲೋಹದ ಮೇಲಿನ ತನ್ನ ಜಾಗವನ್ನೂ ಕಳೆದುಕೊಳ್ಳುತ್ತದೆ. ಮುಂಬಯಿ ಇಲಾಖೆ, ಮದರಾಸು ಇಲಾಖೆ, ನಿಜಾಮರ ರಾಜ್ಯ, ಮೈಸೂರು, ಜತ್ತದಂಥ ಸಣ್ಣ ಸಂಸ್ಥಾನಗಳು ಎಂದು ಹರಿದು ಹಂಚಿಹೋಗಿದ್ದ ಕನ್ನಡಕ್ಕೆ ದೆಹಲಿಯ ಠಸೆಯಲ್ಲಿ ಯಾರು ಜಾಗ ಕೇಳಬೇಕಾಗಿತ್ತು? ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದೇ ದರ್ಬಾರಿನ ನಾಲ್ಕು ವರ್ಷಗಳ ಮೇಲೆ, 1915ರಲ್ಲಿ.

ದರ್ಬಾರಿನ ಪದಕ ನಮ್ಮ ಊರುಗಳವರೆಗೆ ಬಂದಿರುವುದು ಅಪರೂಪ. ಬಂದಿರುವುದು ಮೊದಲನೆಯ ಮಹಾಯುದ್ಧದ ಪದಕ. ಯುದ್ಧ ಮುಗಿದ ಮೇಲೆ 1919ರಲ್ಲಿ ಸ್ಥಾಪಿಸಿದ ಆ ಬೆಳ್ಳಿಯ ಪದಕದ ಒಂದು ಬದಿಯಲ್ಲಿ ವಿಲಿಯಂ ಮ್ಯಾಕ್‌ಮಿಲನ್ ಎಂಬ ಶಿಲ್ಪಿಯ ಕುದುರೆ ಸವಾರ. ಇನ್ನೊಂದು ಬದಿಯಲ್ಲಿ ಕಿರೀಟವಿಲ್ಲದ, ಬರಿತಲೆಯ ಐದನೆಯ ಜಾರ್ಜ್. ಇದೂ ಮೆಕೆನಲ್ಲನ ಕೈಯದೇ. ನಮ್ಮ ಮಟ್ಟಿಗೆ ಆತನ ರಾಜಮುಖಗಳಲ್ಲಿ ಇದೇ ಶ್ರೇಷ್ಠ. ಕಿರೀಟ ಹೋದೊಡನೆ ಹಣೆ ಬಂದಿತು, ಕಿವಿ ಬಂದಿತು, ಕತ್ತಿನ ಸ್ನಾಯು ಬಂದಿತು. ಹೊರಗೆರೆ ಒಂದೇ ಉಸಿರಿನಲ್ಲಿ ನೆತ್ತಿಯಿಂದ ಗಡ್ಡದ ತುದಿಗೆ ಇಳಿಯುತ್ತದೆ. ಇಂಗ್ಲೆಂಡಿನ ನಾಣ್ಯಗಳಲ್ಲಿ ಇಂಥದೇ ಬರಿತಲೆಯ ಮುಖವಿದೆ. ಅಲ್ಲಿ ಕತ್ತಿನ ಕೆಳಗಿನ ಕೊಯ್ತದ ಮೇಲೆ ಬಿ. ಎಂ. ಎಂಬ ಎರಡು ಪುಟ್ಟ ಅಕ್ಷರಗಳನ್ನು ಶಿಲ್ಪಿ ಬಿಟ್ಟಿದ್ದಾನೆ. ನಮ್ಮ ರೂಪಾಯಿಗೆ ಮಾತ್ರ ಕಿರೀಟದ ಮುಖವೇ ಬಂದಿತು. ತನ್ನ ದೇಶದ ಪ್ರಜೆಗೆ ಬರಿತಲೆಯಲ್ಲಿ ಕಾಣಿಸಿಕೊಳ್ಳಬಲ್ಲ ರಾಜ ಹಿಂದೂಸ್ತಾನದ ರೈತನ ಮುಂದೆ ಕಿರೀಟವಿಲ್ಲದೆ ಬರಲೊಲ್ಲ.

ಈ ಯುದ್ಧದ ಪದಕವನ್ನು ಸುಮಾರು 65 ಲಕ್ಷ ಜನರಿಗೆ ಕೊಟ್ಟರು. ಹಿಂದೂಸ್ತಾನದ, ಚೀನದ, ಮಾಲ್ಟಾದ ಕೂಲಿಪಡೆಗಳವರಿಗಾಗಿ 1,10,000ದಷ್ಟನ್ನು ಕಂಚಿನಲ್ಲಿ ಮಾಡಿದರು. ಬಂದೂಕು ಹಿಡಿದವನಿಗೆ ಬೆಳ್ಳಿ, ಹೊರೆ ಹೊತ್ತವನಿಗೆ ಕಂಚು. ಠಸೆ ಒಂದೇ, ಶಿಲ್ಪ ಒಂದೇ. ವಿಚಿತ್ರವೆಂದರೆ, ಕಂಚಿನಲ್ಲಿ ಮೆಕೆನಲ್ಲನ ಮುಖ ಇನ್ನೂ ಚೆನ್ನಾಗಿ ಕಾಣುತ್ತದೆ. ಬೆಳ್ಳಿಯ ಹೊಳಪು ಸಣ್ಣ ಏರಿಳಿತಗಳನ್ನು ನುಂಗಿಬಿಡುತ್ತದೆ. ಕಂಚಿನ ಮಂದ ಬಣ್ಣದಲ್ಲಿ ನೆರಳು ನಿಲ್ಲುತ್ತದೆ. ಕೀಳೆಂದು ಕೊಟ್ಟ ಲೋಹದಲ್ಲಿ ಕೃತಿ ಮೇಲಾಯಿತು.

ಪದಕದ ಮೇಲೆ ಕೊಟ್ಟವನ ಮುಖವಿರುತ್ತದೆ. ನಮ್ಮ ವೀರಗಲ್ಲಿನ ಕ್ರಮ ಬೇರೆ. ಊರ ಹೊರಗೆ ಮಳೆಗೆ ಬಿಸಿಲಿಗೆ ನಿಂತ ಆ ಕಲ್ಲಿನಲ್ಲಿ ಕಾದುವವನು ಸತ್ತವನೇ. ಅಪ್ಸರೆಯರು ಒಯ್ಯುವುದು ಅವನನ್ನೇ. ಮೇಲೆ ದೇವರ ಸನ್ನಿಧಿಯಲ್ಲಿ ಕುಳಿತವನೂ ಅವನೇ. ಅರಸನ ಹೆಸರು ಶಾಸನದ ಸಾಲಿನಲ್ಲಿ ಬಂದೀತು, ಮುಖ ಬರದು. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಮೂರ್ತಿಗಳ ಅಡಿಯಲ್ಲಿ ಬಿರುದುಗಳೊಡನೆ ಹೆಸರು ಕೊರೆದಿದ್ದಾರೆ. ಎರಡಕ್ಷರದ ಗುಟ್ಟಿನ ಸಹಿ ಅವರಿಗೆ ಸಾಲುತ್ತಿರಲಿಲ್ಲ. ಇಂಥ ಪರಂಪರೆಯ ನಾವು ಇಂದು ಸಭೆಸಮಾರಂಭಗಳಲ್ಲಿ ಕೊಡುವ ಸ್ಮರಣಿಕೆಗಳನ್ನು ನೋಡಿದರೆ ಖೇದವಾಗುತ್ತದೆ. ಅಂಗಡಿಯ ಗಾಜಿನ ತುಂಡು, ಪ್ಲಾಸ್ಟಿಕ್ಕಿನ ಹೊನ್ನಬಣ್ಣ, ಮೇಲೆ ಅಂಟಿಸಿದ ಚೀಟಿ, ಚೀಟಿಯಲ್ಲಿ ಪಡೆದವರ ಹೆಸರಿಗಿಂತ ದೊಡ್ಡದಾಗಿ ಕೊಟ್ಟವರ ಹೆಸರು. ಮೆಕೆನಲ್ಲನನ್ನು ಆಸ್ಥಾನದ ಶಿಲ್ಪಿ ಎಂದು ಹಗುರಾಗಿ ಕಾಣುವ ಮೊದಲು ನಮ್ಮ ಕಪಾಟುಗಳತ್ತ ಒಮ್ಮೆ ನೋಡಿಕೊಳ್ಳಬಹುದು. ಊರಿನಲ್ಲಿಯೇ ಪತ್ತಾರರು ಇದ್ದಾರೆ, ಬಡಿಗರು ಇದ್ದಾರೆ, ಕಂಬಳಿ ನೇಯುವವರು ಇದ್ದಾರೆ.

ದಾಸ್ಯದ ಗುರುತನ್ನು ಕಲೆಯೆಂದು ಮೆಚ್ಚುವುದು ಸರಿಯೇ ಎಂಬ ಆಕ್ಷೇಪ ಬಂದೇ ಬರುತ್ತದೆ, ಬರಬೇಕಾದದ್ದೇ. ದೆಹಲಿಯ ಇಂಡಿಯಾ ಗೇಟಿನ ಬಳಿಯ ಮಂಟಪದಲ್ಲಿ ನಿಂತಿದ್ದ ಐದನೆಯ ಜಾರ್ಜನ ಅಮೃತಶಿಲೆಯ ಪ್ರತಿಮೆಯನ್ನು 1968ರಲ್ಲಿ ತೆಗೆದು, ಅದೇ ದರ್ಬಾರು ನಡೆದ ಬಯಲಿನ ಕೊರೋನೇಷನ್ ಪಾರ್ಕಿನಲ್ಲಿ ಇಟ್ಟರು. ಖಾಲಿಯಾದ ಮಂಟಪದಲ್ಲಿ 2022ರಲ್ಲಿ ನೇತಾಜಿ ಸುಭಾಷಚಂದ್ರ ಬೋಸರ ಕರಿಕಲ್ಲಿನ ಪ್ರತಿಮೆ ನಿಂತಿತು. ಕಡೆದವರು ಮೈಸೂರಿನ ಅರುಣ್ ಯೋಗಿರಾಜ್. ರಾಜನನ್ನು ಇಳಿಸಿದ್ದು ಸರಿ. ಒಡೆದು ಹಾಕದೆ ಬೇರೆಡೆ ಇಟ್ಟದ್ದೂ ಸರಿ. ಶಿಲ್ಪವನ್ನು ಪೀಠದಿಂದ ಇಳಿಸಿದಾಗಲೇ ಅದನ್ನು ಶಿಲ್ಪವಾಗಿ ನೋಡಲು ಸಾಧ್ಯವಾಗುತ್ತದೆ. ಅಲ್ಲಿಯವರೆಗೆ ನಾವು ನೋಡುವುದು ಪೀಠವನ್ನೇ.

ಪೆಟ್ಟಿಗೆಯ ತಳದಲ್ಲಿ ಯುದ್ಧದ ಪದಕವಿರುವ ಮನೆಯವರಿಗೆ ಒಂದು ವಿನಂತಿ. ಬೆಳ್ಳಿಯ ದರ ಏರಿದಾಗಲೆಲ್ಲ ಇಂಥವು ಪತ್ತಾರರ ಮೂಸೆಗೆ ಹೋಗುತ್ತವೆ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಬಾರದು. ರಾಜನ ಹುಬ್ಬು ಹೋದರೆ ಹೋಗಲಿ, ಅಂಚಿನಲ್ಲಿ ಬರಹವಿದೆ. ದರ್ಬಾರಿನ ಪದಕಗಳನ್ನು ಹೆಸರಿಲ್ಲದೆಯೇ ಕೊಟ್ಟರು. ಯುದ್ಧದ ಪದಕದ ಅಂಚಿನಲ್ಲಿ ಮಾತ್ರ ಪಡೆದವನ ಗುರುತನ್ನು ಒತ್ತಿದ್ದಾರೆ. ಇಂಗ್ಲಿಷ್ ಅಕ್ಷರಗಳು, ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದವು. ಬೆಳಕನ್ನು ಓರೆಯಾಗಿ ಹಿಡಿದು, ಪದಕವನ್ನು ನಿಧಾನವಾಗಿ ತಿರುಗಿಸಿದರೆ ಮೊದಲು ಸಿಪಾಯಿಯ ನಂಬರು ಕಾಣುತ್ತದೆ, ಅನಂತರ ದರ್ಜೆ, ಅನಂತರ ಹೆಸರು, ಕೊನೆಗೆ ಪಲ್ಟನ್.